ನಾಲ್ಕು ವರ್ಷಗಳಿಂದ ಪ್ರತಿ ರಾತ್ರಿ ಭೇದಿ ಮಾತ್ರೆ: ತಂದೆಯವರಿಗೆ ಇದನ್ನು ಸುರಕ್ಷಿತವಾಗಿ ಕಡಿಮೆ ಮಾಡಿಸುವುದು ಹೇಗೆ?

ದಾವಣಗೆರೆಯ ಮಗಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರ ವಿಷಯದಲ್ಲಿ ತಿಳಿದವರ ಸಲಹೆ ಬೇಕಾಗಿದೆ. ಅವರಿಗೆ ಈಗ 72 ವರ್ಷ. ಶಾಲೆಯ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಊಟ, ನಿದ್ರೆ, ಶೌಚ ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆಯಬೇಕೆಂಬ ಶಿಸ್ತು ಅವರದು. ನಾಲ್ಕು ವರ್ಷಗಳ ಹಿಂದೆ ಮಂಡಿನೋವು ಹೆಚ್ಚಾಗಿ ಕುಕ್ಕರುಗಾಲಿನಲ್ಲಿ ಕೂರಲಾಗದೆ ಹೋದಾಗ ಮನೆಗೆ ಕಮೋಡ್ ಹಾಕಿಸಿದೆವು. ಹೊಟ್ಟೆ ಸರಿಯಾಗಿ ಖುಲಾಸೆಯಾಗುತ್ತಿಲ್ಲ ಎಂಬ ಕೊರಗು ಅವರಿಗೆ ಶುರುವಾದದ್ದು ಅಲ್ಲಿಂದಾಚೆಗೆ. ಪಕ್ಕದ ಮನೆಯವರು ಹೇಳಿದರೆಂದು ಬಿಸಾಕೊಡಿಲ್ 5 ಮಿ.ಗ್ರಾಂ ಮಾತ್ರೆಯನ್ನು ದಿನಕ್ಕೆ ಒಂದರಂತೆ ತೆಗೆದುಕೊಳ್ಳಲು ತೊಡಗಿದರು. ಒಂದು ಎರಡಾಯಿತು, ಕಳೆದ ದೀಪಾವಳಿಯ ಹೊತ್ತಿಗೆ ಮೂರಾಯಿತು. ಮಲಗುವ ಮುನ್ನ ಒಂದು ಲೋಟ ಬಿಸಿ ಹಾಲಿನ ಜೊತೆ ಮೂರು ಮಾತ್ರೆಗಳನ್ನು ನುಂಗುತ್ತಾರೆ. ಇದು ಸಾಲದೆಂದು ವಾರದಲ್ಲಿ ಮೂರು ನಾಲ್ಕು ದಿನ ಒಂದು ಚಮಚ ಚೂರ್ಣವನ್ನೂ ಸೇವಿಸುತ್ತಾರೆ. ಅದು ಗಿಡಮೂಲಿಕೆಯದು, ಅದರಿಂದ ಏನೂ ಆಗುವುದಿಲ್ಲ ಎನ್ನುವುದು ಅವರ ನಂಬಿಕೆ.

ರಾತ್ರಿ ಒಂದು ಗಂಟೆಯ ಸುಮಾರಿಗೆ ಅವರಿಗೆ ಹೊಟ್ಟೆ ಹಿಂಡಿದಂತಾಗಿ ಎಚ್ಚರವಾಗುತ್ತದೆ. ಬೆಳಗಿನ ಜಾವದೊಳಗೆ ಎರಡು ಮೂರು ಸಲ ನೀರಾಗಿ ಹೋಗಿ ಸುಸ್ತಾಗಿ ಮಲಗುತ್ತಾರೆ. ಒಂದು ತಿಂಗಳಿನಿಂದ ಮೀನಖಂಡ ಹಿಡಿದುಕೊಳ್ಳುತ್ತಿದೆ, ಮೆಟ್ಟಿಲು ಹತ್ತುವಾಗ ಕಾಲಿನಲ್ಲಿ ಶಕ್ತಿಯೇ ಇಲ್ಲದಂತಾಗುತ್ತದೆ. ಮೂತ್ರದ ಬಣ್ಣ ಕೆಲವು ದಿನ ಕೆಂಪು ಕಂದಾಗಿರುವುದನ್ನೂ ಗಮನಿಸಿದ್ದೇನೆ. ಅವರಿಗೆ ಹೃದಯದ ತೊಂದರೆಯೂ ಇದ್ದು, ಕಾಲು ಊತಕ್ಕೆಂದು ಮೂತ್ರ ಹೆಚ್ಚಿಸುವ ಫ್ಯೂರೊಸಮೈಡ್ ಮಾತ್ರೆ 40 ಮಿ.ಗ್ರಾಂ ನಡೆಯುತ್ತಿದೆ, ದಿನಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ನೀರು ಬೇಡವೆಂದು ಹೃದ್ರೋಗ ತಜ್ಞರು ಹೇಳಿದ್ದಾರೆ. ಮೂಳೆಗೆಂದು ಕ್ಯಾಲ್ಸಿಯಂ ಮಾತ್ರೆಯೂ ಇದೆ. ಸಕ್ಕರೆ ಕಾಯಿಲೆ ಇಲ್ಲ.

ಎರಡು ತಿಂಗಳ ಹಿಂದೆ ನಾನು ಹಟ ಹಿಡಿದು ಎಲ್ಲವನ್ನೂ ಒಮ್ಮೆಲೇ ನಿಲ್ಲಿಸಿದೆ. ಮೂರು ದಿನ ಅವರಿಗೆ ಶೌಚವೇ ಆಗಲಿಲ್ಲ. ಮೂರನೆಯ ದಿನ ಅವರು ಊಟ ಮುಟ್ಟಲಿಲ್ಲ, ನನ್ನ ಜೊತೆ ಮಾತನ್ನೂ ಆಡಲಿಲ್ಲ. ಅಂದು ರಾತ್ರಿ ತಾವೇ ನಾಲ್ಕು ಮಾತ್ರೆ ನುಂಗಿದರು. ಅಂದಿನಿಂದ ಆ ವಿಷಯ ಎತ್ತಲು ನನಗೆ ಧೈರ್ಯವಿಲ್ಲ. ಈ ಮಾತ್ರೆಗಳಿಂದ ಕರುಳು ಶಾಶ್ವತವಾಗಿ ಸೋಮಾರಿಯಾಗುತ್ತದೆ ಎನ್ನುವುದು ನಿಜವೇ? ಇದರ ಬದಲಿಗೆ ಇಸಬ್‌ಗೋಲ್ ಕೊಡಬಹುದೇ? ಅವರ ಮನಸ್ಸಿಗೆ ನೋವಾಗದಂತೆ, ಅಪಾಯವೂ ಆಗದಂತೆ ಇದನ್ನು ಇಳಿಸುವ ದಾರಿ ಯಾವುದು?

ಔಷಧ ಅಂಗಡಿಯಲ್ಲಿ 22 ವರ್ಷ (ತುಮಕೂರು) ಬರೆದದ್ದು:

ತಾಯಿ, ನಿಮ್ಮ ಪತ್ರದಲ್ಲಿ ಎರಡು ವಿಷಯಗಳನ್ನು ಓದಿದೊಡನೆ ನಾನು ತಡೆದು ನಿಂತೆ. ಅವುಗಳನ್ನು ಮೊದಲು ಹೇಳುತ್ತೇನೆ, ಏಕೆಂದರೆ ಅವುಗಳನ್ನು ಇಂದು ರಾತ್ರಿಯೇ ಸರಿಪಡಿಸಬಹುದು.

ಮೊದಲನೆಯದು ಹಾಲು. ಬಿಸಾಕೊಡಿಲ್ ಮಾತ್ರೆಯ ಮೇಲೆ ನಯವಾದ ಒಂದು ಲೇಪವಿರುತ್ತದೆ. ಜಠರದ ಹುಳಿಯಲ್ಲಿ ಕರಗದೆ, ಹುಳಿ ಕಡಿಮೆಯಿರುವ ಕರುಳಿಗೆ ಇಳಿದ ಮೇಲೆ ಕರಗುವಂತೆ ಆ ಲೇಪವನ್ನು ಮಾಡಿರುತ್ತಾರೆ. ಹಾಲು ಜಠರದ ಹುಳಿಯನ್ನು ತಗ್ಗಿಸುತ್ತದೆ; ಆಗ ಲೇಪ ಅಲ್ಲಿಯೇ ಕರಗಿ, ಮದ್ದು ಜಠರದಲ್ಲಿಯೇ ಬಿಡುಗಡೆಯಾಗಿ, ಹೊಟ್ಟೆ ತೊಳಸುವುದು, ಹಿಂಡುವುದು ಆರಂಭವಾಗುತ್ತದೆ. ನಿಮ್ಮ ತಂದೆಯವರಿಗೆ ಮಧ್ಯರಾತ್ರಿ ಎಚ್ಚರವಾಗುವುದರಲ್ಲಿ ಇದರ ಪಾಲು ಖಂಡಿತ ಇದೆ ಎಂದು ನನಗೆ ಅನ್ನಿಸುತ್ತದೆ. ಹಾಲಾಗಲಿ ಎದೆಯುರಿಗೆ ಕುಡಿಯುವ ಆಂಟಾಸಿಡ್ ಆಗಲಿ ಈ ಮಾತ್ರೆಗಿಂತ ಕನಿಷ್ಠ ಒಂದು ಗಂಟೆ ದೂರವಿರಬೇಕು. ಮಾತ್ರೆಯನ್ನು ಜಗಿಯಬಾರದು, ಮುರಿಯಬಾರದು, ಪುಡಿ ಮಾಡಬಾರದು. ದೊಡ್ಡವರಿಗೆ ವಾಡಿಕೆಯ ಪ್ರಮಾಣ ಒಂದು ಅಥವಾ ಎರಡು ಮಾತ್ರೆ, ಎಂದರೆ 5ರಿಂದ 10 ಮಿ.ಗ್ರಾಂ, ಕೆಲಸ ಮಾಡಲು ಅದಕ್ಕೆ 6ರಿಂದ 12 ಗಂಟೆ ಬೇಕು. ತಡವಾಯಿತೆಂದು ಮೇಲಿಂದ ಮೇಲೆ ಇನ್ನೊಂದನ್ನು ನುಂಗಬಾರದು.

ಎರಡನೆಯದು ಚೂರ್ಣ. ದಯವಿಟ್ಟು ಆ ಡಬ್ಬಿಯನ್ನು ತಿರುಗಿಸಿ, ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ. ಸೋನಾಮುಖಿ, ಸ್ವರ್ಣಪತ್ರಿ, ನೆಲಾವರಿಕೆ, ಸೆನ್ನಾ ಇವುಗಳಲ್ಲಿ ಯಾವುದಾದರೊಂದು ಹೆಸರು ಅಲ್ಲಿರುವ ಸಾಧ್ಯತೆ ಹೆಚ್ಚು. ನಾಲ್ಕೂ ಒಂದೇ ಗಿಡದ ಹೆಸರುಗಳು. ತಮಿಳುನಾಡಿನ ತಿರುನೆಲ್ವೇಲಿ ಕಡೆ ಇದನ್ನು ಬಹುಕಾಲದಿಂದ ಬೆಳೆಯುತ್ತಾರೆ, ಆ ಊರಿನ ಹೆಸರಿನಿಂದಲೇ ಇದು ಹೊರದೇಶಗಳ ಔಷಧ ಗ್ರಂಥಗಳನ್ನೂ ಸೇರಿದೆ. ಸೆನ್ನಾ ಸಹ ಬಿಸಾಕೊಡಿಲ್‌ನ ಹಾಗೆಯೇ ದೊಡ್ಡ ಕರುಳನ್ನು ಕೆರಳಿಸಿ ತಳ್ಳಿಸುವ ಮದ್ದು. ಹಾಗಾಗಿ ಚೂರ್ಣ ಸೇವಿಸಿದ ದಿನಗಳಲ್ಲಿ ನಿಮ್ಮ ತಂದೆಯವರು ಒಂದೇ ಬಗೆಯ ಎರಡು ಮದ್ದುಗಳನ್ನು ಒಂದರ ಮೇಲೊಂದು ಸೇವಿಸುತ್ತಿದ್ದಾರೆ. ಸೆನ್ನಾದಿಂದ ಮೂತ್ರ ಕೆಂಪು ಕಂದಾಗುವುದೂ ಉಂಟು. ಆದರೂ ಅದು ರಕ್ತವಲ್ಲವೆಂದು ಮೂತ್ರ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳದೆ ಬಿಡಬೇಡಿ.

ಭೇದಿ ಔಷಧಗಳೆಲ್ಲ ಒಂದೇ ಜಾತಿಯವಲ್ಲ ಎನ್ನುವುದನ್ನು ನಮ್ಮ ಅಂಗಡಿಗೆ ಬರುವವರಿಗೆ ದಿನವೂ ಹೇಳುತ್ತಿರುತ್ತೇನೆ. ಇಸಬ್‌ಗೋಲ್ ಹೊಟ್ಟು ನೀರು ಹೀರಿ ಉಬ್ಬಿ ಮಲದ ಗಾತ್ರವನ್ನು ಹೆಚ್ಚಿಸುತ್ತದೆ, ಅದಕ್ಕೆ ಒಂದರಿಂದ ಮೂರು ದಿನ ಬೇಕು. ಲ್ಯಾಕ್ಟುಲೋಸ್ ಸಿರಪ್ ಮತ್ತು ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಕರುಳಿನೊಳಗೆ ನೀರನ್ನು ಹಿಡಿದಿಟ್ಟು ಮಲವನ್ನು ಮೆತ್ತಗಾಗಿಸುತ್ತವೆ, ಇವಕ್ಕೂ ಒಂದೆರಡು ದಿನ ಬೇಕು. ಲ್ಯಾಕ್ಟುಲೋಸ್‌ನಿಂದ ಹೊಟ್ಟೆಯುಬ್ಬರ ಸ್ವಲ್ಪ ಹೆಚ್ಚು. ಮೆಗ್ನೀಷಿಯದ ಬಿಳಿ ಹಾಲು ಕೆಲವೇ ಗಂಟೆಗಳಲ್ಲಿ ಕೆಲಸ ಮಾಡುತ್ತದೆ, ಆದರೆ ಮೂತ್ರಪಿಂಡ ದುರ್ಬಲವಾಗಿರುವವರಲ್ಲಿ ಮೆಗ್ನೀಷಿಯಂ ರಕ್ತದಲ್ಲಿಯೇ ಉಳಿದು ಅಪಾಯ ತರಬಲ್ಲದು. ನಮ್ಮಲ್ಲಿ ಬಹಳ ಮಾರಾಟವಾಗುವ ಕೆಲವು ಸಿರಪ್‌ಗಳ ಒಂದೇ ಬಾಟಲಿಯಲ್ಲಿ ಮಲವನ್ನು ಜಾರಿಸುವ ಎಣ್ಣೆಯಾದ ಲಿಕ್ವಿಡ್ ಪ್ಯಾರಾಫಿನ್, ಮೆಗ್ನೀಷಿಯದ ಹಾಲು ಮತ್ತು ಬಿಸಾಕೊಡಿಲ್‌ನಂತೆಯೇ ಕರುಳನ್ನು ಕೆರಳಿಸುವ ಸೋಡಿಯಂ ಪಿಕೋಸಲ್ಫೇಟ್ ಮೂರೂ ಇರುತ್ತವೆ. ಮಾತ್ರೆಯ ಜೊತೆ ಅದನ್ನೂ ಕುಡಿದರೆ ಎಷ್ಟು ಮದ್ದು ಒಳಹೋಯಿತೆಂಬುದು ಕುಡಿದವರಿಗೇ ತಿಳಿದಿರುವುದಿಲ್ಲ. ಪ್ಯಾರಾಫಿನ್ ಇರುವುದನ್ನು ನುಂಗಲು ಕಷ್ಟಪಡುವ ವೃದ್ಧರಿಗೆ, ಮಲಗಿರುವವರಿಗೆ ಕೊಡಲೇಬಾರದು. ಅದು ಶ್ವಾಸಕೋಶಕ್ಕೆ ಜಾರಿದರೆ ನ್ಯುಮೋನಿಯಾ ಆಗುತ್ತದೆ.

ಇಸಬ್‌ಗೋಲ್ ಬಗ್ಗೆ ಕೇಳಿದ್ದೀರಿ. ಒಂದು ಲೋಟ ನೀರಿಗೆ ಎರಡು ಚಮಚ ಹೊಟ್ಟು ಹಾಕಿ ಕಲಕಿ, ಹತ್ತು ನಿಮಿಷ ಬಿಟ್ಟು ನೋಡಿ. ಲೋಟವನ್ನು ಓರೆ ಮಾಡಿದರೂ ಸುರಿಯದಷ್ಟು ಗಟ್ಟಿಯಾದ ಲೋಳೆಯಾಗಿರುತ್ತದೆ. ಸಾಕಷ್ಟು ನೀರಿಲ್ಲದೆ ನುಂಗಿದರೆ ಇದೇ ಲೋಳೆ ಅನ್ನನಾಳದಲ್ಲಿಯೇ ಉಬ್ಬಿ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಕಲಕಿದ ಕೂಡಲೇ ಕುಡಿಯಬೇಕು, ಅದರ ಮೇಲೆ ಇನ್ನೊಂದು ಲೋಟ ನೀರು ಕುಡಿಯುವುದು ಒಳ್ಳೆಯದು, ಕುಡಿದೊಡನೆ ಮಲಗಬಾರದು, ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆಗಳ ಅಂತರವಿರಬೇಕು. ನೀರಿಗೆ ಮಿತಿ ಇರುವ ನಿಮ್ಮ ತಂದೆಯವರಂಥವರಿಗೆ ಇದನ್ನು ಮೊದಲ ಆಯ್ಕೆಯಾಗಿ ನಾನು ಕೊಡುತ್ತಿರಲಿಲ್ಲ.

ಕಾಲು ಹಿಡಿದುಕೊಳ್ಳುವುದು, ಶಕ್ತಿ ಕುಂದುವುದು, ಜೊತೆಗೆ ಫ್ಯೂರೊಸಮೈಡ್ ಎಂದರೆ ನನಗೆ ಪೊಟ್ಯಾಸಿಯಂನ ಚಿಂತೆ. ಇದನ್ನು ವೈದ್ಯರೇ ನೋಡಬೇಕು, ತಡಮಾಡಬೇಡಿ.

ಹುಬ್ಬಳ್ಳಿ ಓದುಗ ಬರೆದದ್ದು:

ಇಂಥ ಪ್ರಶ್ನೆ ಬಂದಾಗಲೆಲ್ಲ ಯಾರಾದರೊಬ್ಬರು ಔಡಲ ಎಣ್ಣೆ ಕೊಡಿ ಎನ್ನುತ್ತಾರೆ. ನಮ್ಮ ಮನೆಯಲ್ಲಿ ನಡೆದದ್ದನ್ನು ಬರೆಯುತ್ತೇನೆ. ನನ್ನ ತಮ್ಮನ ಮಗನಿಗೆ ಒಂಬತ್ತು ವರ್ಷವಿದ್ದಾಗ ಹೊಕ್ಕುಳ ಸುತ್ತ ನೋವು ಬಂತು, ಎರಡು ಸಲ ವಾಂತಿಯಾಯಿತು. ಹೊಟ್ಟೆ ಕಟ್ಟಿದೆ ಎಂದು ಮನೆಯ ಹಿರಿಯರು ಬಿಸಿ ಕಾಫಿಯಲ್ಲಿ ಔಡಲ ಎಣ್ಣೆ ಬೆರೆಸಿ, ಮೂಗು ಹಿಡಿದು ಕುಡಿಸಿದರು. ನಮ್ಮನ್ನೆಲ್ಲ ಬೆಳೆಸಿದ್ದೂ ಹಾಗೆಯೇ ಆದ್ದರಿಂದ ಯಾರಿಗೂ ಅದು ತಪ್ಪೆನಿಸಲಿಲ್ಲ. ಸಂಜೆಯ ಹೊತ್ತಿಗೆ ನೋವು ಬಲಭಾಗದ ಕೆಳಹೊಟ್ಟೆಗೆ ಇಳಿಯಿತು, ಜ್ವರ ಬಂತು, ಮಗು ನೆಟ್ಟಗೆ ನಿಲ್ಲಲಾರದೆ ಬಾಗಿಕೊಂಡು ನಡೆಯುತ್ತಿದ್ದ. ಆಸ್ಪತ್ರೆಗೆ ಒಯ್ದಾಗ ಅಪೆಂಡಿಕ್ಸ್ ಒಡೆದಿತ್ತು. ಹೊಟ್ಟೆಯೊಳಗೆ ಹರಡಿದ ಕೀವನ್ನು ತೊಳೆದು ಹನ್ನೊಂದು ದಿನ ಇರಿಸಿಕೊಂಡರು. ಮಗು ಉಳಿದ, ಈಗ ಕಾಲೇಜಿಗೆ ಹೋಗುತ್ತಾನೆ. ಕಾರಣ ತಿಳಿಯದ ಹೊಟ್ಟೆನೋವಿಗೆ ಭೇದಿ ಔಷಧ ಕೊಡಬಾರದು ಎಂದು ಶಸ್ತ್ರಚಿಕಿತ್ಸಕರು ಅಂದು ನಮ್ಮ ತಾಯಿಗೆ ಬಹಳ ಮೃದುವಾಗಿ ಹೇಳಿದರು. ಆದರೆ ಆ ಮಾತಿನಿಂದ ನಮ್ಮ ತಾಯಿ ಪಟ್ಟ ಸಂಕಟವನ್ನು ನಾನು ಇಂದಿಗೂ ಮರೆತಿಲ್ಲ.

ತಾಲ್ಲೂಕು ಆಸ್ಪತ್ರೆಯ ವೈದ್ಯೆ ಬರೆದದ್ದು:

ಹುಬ್ಬಳ್ಳಿಯವರು ಬರೆದದ್ದನ್ನು ಎಲ್ಲರೂ ಎರಡು ಸಲ ಓದಬೇಕು. ಹೊಟ್ಟೆನೋವು, ವಾಂತಿ, ಹೊಟ್ಟೆಯುಬ್ಬರ ಇದ್ದು ಗಾಳಿಯೂ ಹೋಗುತ್ತಿಲ್ಲವೆಂದರೆ ಅದು ಕರುಳು ಅಡ್ಡಗಟ್ಟಿದ ಲಕ್ಷಣವಿರಬಹುದು. ಆಗ ಯಾವ ಭೇದಿ ಔಷಧವನ್ನೂ ಮುಟ್ಟದೆ ನೇರವಾಗಿ ಆಸ್ಪತ್ರೆಗೆ ಬರಬೇಕು. ಔಡಲ ಎಣ್ಣೆಯನ್ನು ಗರ್ಭಿಣಿಯರೂ ಕುಡಿಯಬಾರದು, ಅದು ಗರ್ಭಕೋಶವನ್ನು ಸಂಕುಚಿಸುವಂತೆ ಕೆರಳಿಸಬಲ್ಲದು.

ಈಗ ದಾವಣಗೆರೆಯವರ ಪ್ರಶ್ನೆಗೆ ಬರುತ್ತೇನೆ. ನಿಮ್ಮ ತಂದೆಯವರನ್ನು ನಾನು ಪರೀಕ್ಷಿಸಿಲ್ಲ, ಆದ್ದರಿಂದ ನನ್ನ ಮಾತುಗಳನ್ನು ಅವರ ವೈದ್ಯರ ಮುಂದಿಟ್ಟು ನಿರ್ಧರಿಸಿ. ಆದರೆ ಒಂದು ಕೆಲಸವನ್ನು ನಾಳೆಯೇ ಮಾಡಿಸಿ: ರಕ್ತದಲ್ಲಿನ ಪೊಟ್ಯಾಸಿಯಂ, ಸೋಡಿಯಂ ಮತ್ತು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ, ಸಾಧ್ಯವಾದರೆ ಒಂದು ಇ.ಸಿ.ಜಿ. ಫ್ಯೂರೊಸಮೈಡ್ ಮೂತ್ರದ ಮೂಲಕ ಪೊಟ್ಯಾಸಿಯಂ ಕಳೆಯುತ್ತದೆ. ಪ್ರತಿದಿನದ ನೀರುಭೇದಿ ಮಲದ ಮೂಲಕ ಕಳೆಯುತ್ತದೆ. ಪೊಟ್ಯಾಸಿಯಂ 3.5ಕ್ಕಿಂತ ಕೆಳಗಿಳಿದಂತೆಲ್ಲ ಸ್ನಾಯುಗಳು ಸೋಲುತ್ತವೆ, ಹೃದಯದ ಬಡಿತ ತಪ್ಪುವ ಸಂಭವ ಹೆಚ್ಚುತ್ತದೆ. ಹೃದಯಕ್ಕೆಂದು ಕೊಡುವ ಡಿಗಾಕ್ಸಿನ್ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರೆ ಈ ಅಪಾಯ ಇನ್ನೂ ಹೆಚ್ಚು. ಇದರಲ್ಲಿ ಒಂದು ವಿಷಚಕ್ರವೂ ಇದೆ. ಪೊಟ್ಯಾಸಿಯಂ ಕಡಿಮೆಯಾದಾಗ ಕರುಳಿನ ಸ್ನಾಯುವೂ ಮಂದವಾಗುತ್ತದೆ, ಮಲಬದ್ಧತೆ ಮತ್ತಷ್ಟು ಬಿಗಿಯಾಗುತ್ತದೆ, ರೋಗಿ ಇನ್ನೊಂದು ಮಾತ್ರೆ ನುಂಗುತ್ತಾರೆ.

ನೀವು ಮಾತ್ರೆ ನಿಲ್ಲಿಸಿದಾಗ ಮೂರು ದಿನ ಶೌಚವಾಗಲಿಲ್ಲ ಎಂದಿರಿ. ಅದು ಸೋಮಾರಿ ಕರುಳಿನ ಗುರುತೆಂದು ನೀವಿಬ್ಬರೂ ಹೆದರಿದ್ದೀರಿ. ನಾವು ತಿಂದದ್ದು ಮಲವಾಗಿ ಹೊರಬರಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ ಹಿಡಿಯುತ್ತದೆ, ಆ ಸಮಯದ ಬಹುಪಾಲು ದೊಡ್ಡ ಕರುಳಿನಲ್ಲಿಯೇ ಕಳೆಯುತ್ತದೆ. ಮೂರು ಮಾತ್ರೆಗಳ ಭೇದಿಯಲ್ಲಿ ಇಂದಿನದು ಮಾತ್ರವಲ್ಲ, ನಾಳೆ ನಾಡಿದ್ದು ಬರಬೇಕಾಗಿದ್ದ ಮಲವೂ ಖಾಲಿಯಾಗಿಬಿಟ್ಟಿರುತ್ತದೆ. ಗುಡಾಣವನ್ನು ಬರಿದುಮಾಡಿ ಮರುದಿನವೇ ನೀರು ಏಕೆ ಬರುತ್ತಿಲ್ಲ ಎಂದು ಕೇಳಿದರೆ ಹೇಗೆ? ಅದು ಮತ್ತೆ ತುಂಬಲು ಎರಡು ಮೂರು ದಿನ ಬೇಕೇ ಬೇಕು. ಆ ಖಾಲಿ ದಿನಗಳನ್ನು ಮಲಬದ್ಧತೆಯೆಂದು ತಿಳಿದು ಮತ್ತೆ ಮಾತ್ರೆ ನುಂಗುವುದರಿಂದಲೇ ನನ್ನ ಹೊರರೋಗಿ ವಿಭಾಗಕ್ಕೆ ಬರುವ ಹಿರಿಯರಲ್ಲಿ ಎಷ್ಟೋ ಜನ ಈ ಅಭ್ಯಾಸದಲ್ಲಿ ಸಿಲುಕಿದ್ದಾರೆ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ, ಮಲ ಮೆತ್ತಗಿದ್ದು ತಿಣುಕದೆ ಆಗುತ್ತಿದ್ದರೆ, ಎಲ್ಲವೂ ಸಹಜವೇ. ಒಂದು ದಿನ ಆಗದಿದ್ದರೆ ವಿಷ ರಕ್ತಕ್ಕೆ ಸೇರುತ್ತದೆ ಎಂಬ ಮಾತಿನಲ್ಲಿ ಸತ್ಯವಿಲ್ಲ. ಇದನ್ನು ನಿಮ್ಮ ತಂದೆಯವರಿಗೆ ಮಗಳಾಗಿ ನೀವು ಹೇಳುವುದಕ್ಕಿಂತ ಅವರ ವೈದ್ಯರು ಹೇಳಿದರೆ ಮನಸ್ಸಿಗೆ ಹತ್ತೀತು. ಪಾಠ ಮಾಡಿದವರು, ಕಾರಣ ತಿಳಿಸಿದರೆ ಒಪ್ಪುತ್ತಾರೆ.

ಇನ್ನು ಶಾಶ್ವತ ಹಾನಿಯ ಮಾತು. ಹೇಳಿದ ಪ್ರಮಾಣದಲ್ಲಿ ಬಳಸಿದ ಬಿಸಾಕೊಡಿಲ್ ಅಥವಾ ಸೆನ್ನಾ ಕರುಳಿನ ನರಗಳನ್ನು ಕೊಲ್ಲುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಬಹುಕಾಲದ ಸೆನ್ನಾ ಸೇವನೆಯಿಂದ ಕರುಳಿನ ಒಳಪದರ ಕಪ್ಪಾಗುವುದುಂಟು, ನಿಲ್ಲಿಸಿದ ಮೇಲೆ ತಿಂಗಳುಗಳಲ್ಲಿ ಅದೂ ತಿಳಿಯಾಗುತ್ತದೆ. ಅಮೆರಿಕದ ಜಠರ ಮತ್ತು ಕರುಳು ತಜ್ಞರ ಎರಡು ಸಂಘಟನೆಗಳು 2023ರಲ್ಲಿ ಒಟ್ಟಾಗಿ ಹೊರಡಿಸಿದ ಮಾರ್ಗಸೂಚಿಯಲ್ಲಿ ದಿನನಿತ್ಯದ ಬಳಕೆಗೆ ಪಾಲಿಎಥಿಲೀನ್ ಗ್ಲೈಕಾಲನ್ನು ಬಲವಾಗಿ ಶಿಫಾರಸು ಮಾಡಿದ್ದಾರೆ; ಬಿಸಾಕೊಡಿಲ್ ಮತ್ತು ಸೋಡಿಯಂ ಪಿಕೋಸಲ್ಫೇಟನ್ನು ನಾಲ್ಕು ವಾರಗಳೊಳಗಿನ ಬಳಕೆಗೆ ಅಥವಾ ಆಗಾಗ ಬೇಕಾದಾಗಿನ ನೆರವಿಗೆಂದು ಒಪ್ಪಿದ್ದಾರೆ. ಎಂದರೆ ನಿಮ್ಮ ತಂದೆಯವರ ಮಾತ್ರೆ ವಿಷವಲ್ಲ. ಪ್ರಮಾಣ ಮೀರಿದೆ, ಅದರ ಮೇಲೆ ಚೂರ್ಣ ಸೇರಿದೆ, ಪಕ್ಕದಲ್ಲಿ ಫ್ಯೂರೊಸಮೈಡ್ ಇದೆ. ಅಪಾಯವಿರುವುದು ಈ ಕೂಟದಲ್ಲಿ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಚೂರ್ಣವನ್ನು ಇಂದೇ ನಿಲ್ಲಿಸಿ, ಮಾತ್ರೆಯನ್ನು ಎರಡಕ್ಕಿಳಿಸಿ, ಹಾಲನ್ನು ಸಂಜೆಗೆ ಸರಿಸುತ್ತಿದ್ದೆ. ಗುದದ್ವಾರವನ್ನು ಬೆರಳಿನಿಂದ ಪರೀಕ್ಷಿಸಿ ಗಟ್ಟಿ ಮಲ ಕಟ್ಟಿಕೊಂಡಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ಪಾಲಿಎಥಿಲೀನ್ ಗ್ಲೈಕಾಲ್ 17 ಗ್ರಾಂ ಪುಡಿಯನ್ನು ಒಂದು ಲೋಟ ನೀರಿನಲ್ಲಿ ಕರಗಿಸಿ ದಿನಕ್ಕೊಮ್ಮೆ ಆರಂಭಿಸುತ್ತಿದ್ದೆ. ಆ ಲೋಟದ ನೀರನ್ನೂ ಒಂದೂವರೆ ಲೀಟರಿನ ಲೆಕ್ಕದೊಳಗೇ ಹಿಡಿಯಬೇಕು. ಮಲಬದ್ಧತೆಗೆ ಹೆಚ್ಚು ನೀರು ಕುಡಿಯಿರಿ ಎಂದು ಎಲ್ಲರೂ ಹೇಳುತ್ತಾರೆ, ಹೃದಯ ದುರ್ಬಲವಾಗಿರುವವರಿಗೆ ಆ ಮಾತು ಹೊಂದುವುದಿಲ್ಲ. ಒಂದು ವಾರದ ನಂತರ ಒಂದು ಮಾತ್ರೆ, ಅನಂತರ ದಿನ ಬಿಟ್ಟು ದಿನ, ಕೊನೆಗೆ ಮೂರು ದಿನ ಪೂರ್ತಿ ಆಗದಿದ್ದರೆ ಮಾತ್ರ ಒಂದು. ಕ್ರಿಯಾಟಿನಿನ್ ತಿಳಿಯುವವರೆಗೆ ಮೆಗ್ನೀಷಿಯದ ಹಾಲು ಬೇಡ. ಸೋಡಿಯಂ ಫಾಸ್ಫೇಟ್ ಎನಿಮಾವನ್ನು ಮನೆಯಲ್ಲಿಯೇ ತಂದು ಕೊಡುವ ಯೋಚನೆಯೂ ಬೇಡ. ವೃದ್ಧರಲ್ಲಿ, ಹೃದಯ ಮತ್ತು ಮೂತ್ರಪಿಂಡದ ರೋಗಿಗಳಲ್ಲಿ ಅದು ತೀವ್ರ ಹಾನಿ ಮಾಡಬಹುದೆಂದೂ 24 ಗಂಟೆಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ಬಳಸಬಾರದೆಂದೂ ಅಮೆರಿಕದ ಔಷಧ ನಿಯಂತ್ರಕರು 2014ರಲ್ಲಿಯೇ ಎಚ್ಚರಿಸಿದ್ದಾರೆ.

ಕಮೋಡಿನ ವಿಷಯವನ್ನು ನೀವೇ ಗುರುತಿಸಿದ್ದೀರಿ. ಕುಕ್ಕರುಗಾಲಿನಲ್ಲಿ ಕುಳಿತಾಗ ಗುದನಾಳದ ಬಾಗು ನೇರವಾಗಿ ಮಲ ಸುಲಭವಾಗಿ ಇಳಿಯುತ್ತದೆ, ಕುರ್ಚಿಯಂತೆ ಕುಳಿತಾಗ ಆ ಬಾಗು ಪೂರ್ತಿ ಬಿಚ್ಚುವುದಿಲ್ಲ. ಕಮೋಡಿನ ಮುಂದೆ ಅರ್ಧ ಅಡಿಗಿಂತ ತುಸು ಎತ್ತರದ, ಅಲುಗದ ಮಣೆಯೊಂದನ್ನಿಟ್ಟು ಎರಡೂ ಪಾದಗಳನ್ನು ಅದರ ಮೇಲಿರಿಸಿ, ಮೊಣಕೈಗಳನ್ನು ತೊಡೆಯ ಮೇಲೂರಿ ಮುಂದಕ್ಕೆ ಬಾಗಿ ಕೂರಲು ಹೇಳಿ. ಮಂಡಿಗೆ ಅಷ್ಟು ಮಡಿಕೆ ಆಗುತ್ತದೆಯೇ ಎಂದು ಮೊದಲು ನೋಡಿ. ಹೊತ್ತು ಬೆಳಗಿನ ತಿಂಡಿಯಾದ ಅರ್ಧ ಗಂಟೆಯೊಳಗಿರಲಿ, ಏಕೆಂದರೆ ಹೊಟ್ಟೆ ತುಂಬಿದೊಡನೆ ದೊಡ್ಡ ಕರುಳು ತಾನಾಗಿ ಚಲಿಸತೊಡಗುತ್ತದೆ. ಹತ್ತು ನಿಮಿಷ ಕೂತರೆ ಸಾಕು, ತಿಣುಕಬಾರದು.

ಕ್ಯಾಲ್ಸಿಯಂ ಮಾತ್ರೆಯೂ ಹೊಟ್ಟೆ ಕಟ್ಟುತ್ತದೆ. ಕಬ್ಬಿಣಾಂಶದ ಮಾತ್ರೆ, ಟ್ರಾಮಡಾಲ್‌ನಂಥ ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್, ಅಲ್ಯೂಮಿನಿಯಂ ಇರುವ ಆಂಟಾಸಿಡ್, ರಕ್ತದೊತ್ತಡಕ್ಕೆ ಕೊಡುವ ವೆರಪಮಿಲ್ ಕೂಡ ಇದೇ ಸಾಲಿನವು. ಥೈರಾಯ್ಡ್ ಪರೀಕ್ಷೆ ಮಾಡಿಸದಿದ್ದರೆ ಒಮ್ಮೆ ಮಾಡಿಸಿ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಈಚೆಗೆ ಮಲ ತೆಳ್ಳಗಾಗಿರುವುದು, ಮನೆತನದಲ್ಲಿ ಕರುಳಿನ ಕ್ಯಾನ್ಸರ್ ಇವುಗಳಲ್ಲಿ ಯಾವುದಾದರೂ ಇದೆಯೇ ಎಂದು ನೇರವಾಗಿ ಕೇಳಿ. ನಮ್ಮ ಹಿರಿಯರು ಇದನ್ನು ಮಕ್ಕಳಿಗೆ ಹೇಳಿಕೊಳ್ಳಲು ಸಂಕೋಚಪಡುತ್ತಾರೆ. ಇದ್ದರೆ ಔಷಧ ಬದಲಿಸುವುದಕ್ಕಿಂತ ಮೊದಲು ಕೊಲೊನೋಸ್ಕೋಪಿಯ (ಕ್ಯಾಮೆರಾ ಇರುವ ನಳಿಗೆಯಿಂದ ದೊಡ್ಡ ಕರುಳನ್ನು ನೋಡುವ ಪರೀಕ್ಷೆಯ) ಬಗ್ಗೆ ಮಾತನಾಡಬೇಕಾಗುತ್ತದೆ.

ಅಮ್ಮನ ಆರೈಕೆಯಲ್ಲಿ (ಮೈಸೂರು) ಬರೆದದ್ದು:

ವೈದ್ಯರು ಬೆರಳಿನ ಪರೀಕ್ಷೆಯ ಮಾತು ಎತ್ತಿದ್ದರಿಂದ ನನ್ನ ಅನುಭವವನ್ನೂ ಸೇರಿಸುತ್ತೇನೆ. ಪಾರ್ಶ್ವವಾಯುವಾಗಿ ಹಾಸಿಗೆ ಹಿಡಿದಿದ್ದ ನಮ್ಮ ಅಮ್ಮನಿಗೆ ದಿನಕ್ಕೆ ಐದಾರು ಸಲ ಬಟ್ಟೆಯಲ್ಲಿ ನೀರು ನೀರಾಗಿ ಸೋರುತ್ತಿತ್ತು. ಭೇದಿಯೆಂದೇ ತಿಳಿದು ನಾನು ಭೇದಿ ನಿಲ್ಲುವ ಮಾತ್ರೆ ಕೊಟ್ಟೆ. ನಾಲ್ಕನೆಯ ದಿನ ಮನೆಗೆ ಬಂದ ನರ್ಸ್ ಕೈಗವಸು ಹಾಕಿಕೊಂಡು ಪರೀಕ್ಷಿಸಿ, ಒಳಗೆ ಕಲ್ಲಿನಂತೆ ಮಲ ಕಟ್ಟಿಕೊಂಡಿದೆ, ಅದರ ಬದಿಯಿಂದ ತೆಳ್ಳಗಿನದು ಮಾತ್ರ ಸೋರುತ್ತಿದೆ ಎಂದರು. ನಾನು ಕೊಟ್ಟ ಮಾತ್ರೆ ಅದನ್ನು ಇನ್ನಷ್ಟು ಬಿಗಿಗೊಳಿಸಿತ್ತು. ಮಲಗಿರುವ ಹಿರಿಯರಿಗೆ ಹಲವು ದಿನ ಗಟ್ಟಿಯಾಗಿ ಆಗದೆ ಇದ್ದಕ್ಕಿದ್ದಂತೆ ನೀರಾಗಿ ಸೋರತೊಡಗಿದರೆ ದಯವಿಟ್ಟು ಅದನ್ನು ಭೇದಿಯೆಂದುಕೊಳ್ಳಬೇಡಿ.

ಹೊಸ ಓದುಗಿ ಬರೆದದ್ದು:

ನಾನು ಐದು ತಿಂಗಳ ಗರ್ಭಿಣಿ. ಕಬ್ಬಿಣಾಂಶದ ಮಾತ್ರೆ ಶುರುವಾದಾಗಿನಿಂದ ಶೌಚಕ್ಕೆ ಬಹಳ ಕಷ್ಟವಾಗುತ್ತಿದೆ. ಆ ಮಾತ್ರೆಯನ್ನು ನಿಲ್ಲಿಸಬಹುದೇ?

ತಾಲ್ಲೂಕು ಆಸ್ಪತ್ರೆಯ ವೈದ್ಯೆ ಬರೆದದ್ದು:

ನಿಲ್ಲಿಸಬೇಡಿ, ಅಮ್ಮ. ನಿಮಗೂ ಮಗುವಿಗೂ ಅದು ಬೇಕು. ಸೊಪ್ಪು, ಸಿಪ್ಪೆಸಹಿತ ಹೆಸರುಕಾಳು, ಸೀಬೆ, ನೀರು ಹೆಚ್ಚಿಸಿಯೂ ಸಾಲದಿದ್ದರೆ ಇಸಬ್‌ಗೋಲ್ ಅಥವಾ ಲ್ಯಾಕ್ಟುಲೋಸ್ ಗರ್ಭಿಣಿಯರಿಗೆ ಕೊಡಬಹುದಾದವು. ಮುಂದಿನ ತಪಾಸಣೆಯಲ್ಲಿ ನಿಮ್ಮ ವೈದ್ಯರನ್ನು ಕೇಳಿ ಆರಂಭಿಸಿ. ಮಲ ಕಪ್ಪಗಾಗಿದ್ದರೆ ಗಾಬರಿ ಬೇಡ, ಅದು ಕಬ್ಬಿಣದ ಬಣ್ಣ.

ದಾವಣಗೆರೆಯ ಮಗಳು ಬರೆದದ್ದು (ಮೂರು ವಾರಗಳ ನಂತರ):

ಉತ್ತರಿಸಿದ ಎಲ್ಲರಿಗೂ ನಮಸ್ಕಾರಗಳು. ಅಂದು ರಾತ್ರಿಯೇ ಚೂರ್ಣದ ಡಬ್ಬಿ ತಿರುಗಿಸಿ ನೋಡಿದೆ. ಪಟ್ಟಿಯ ಮೊದಲ ಹೆಸರೇ ಸೋನಾಮುಖಿ. ಮರುದಿನ ರಕ್ತ ಪರೀಕ್ಷೆ ಮಾಡಿಸಿದೆವು, ಪೊಟ್ಯಾಸಿಯಂ 3.0 ಬಂತು. ಕ್ರಿಯಾಟಿನಿನ್ 1.4. ಹೃದ್ರೋಗ ತಜ್ಞರು ವರದಿ ನೋಡಿ ಕೂಡಲೇ ಇ.ಸಿ.ಜಿ. ಮಾಡಿಸಿ, ಊಟದ ನಂತರ ನೀರಿನಲ್ಲಿ ಬೆರೆಸಿ ಕುಡಿಯಲು ಪೊಟ್ಯಾಸಿಯಂ ಸಿರಪ್ ಕೊಟ್ಟರು. ಮೂತ್ರದಲ್ಲಿ ರಕ್ತವಿಲ್ಲ, ಚೂರ್ಣ ನಿಲ್ಲಿಸಿದ ಮೂರನೆಯ ದಿನಕ್ಕೆ ಬಣ್ಣವೂ ತಿಳಿಯಾಯಿತು. ಕ್ಯಾಲ್ಸಿಯಂ ಮಾತ್ರೆಯನ್ನು ಸದ್ಯಕ್ಕೆ ತಡೆದಿದ್ದಾರೆ, ಥೈರಾಯ್ಡ್ ಸರಿಯಾಗಿದೆ.

ಗುಡಾಣದ ಮಾತನ್ನು ತಜ್ಞರ ಎದುರಿನಲ್ಲಿಯೇ ಅಪ್ಪನಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಹಾಗಾದರೆ ಇಷ್ಟು ದಿನ ಖಾಲಿ ಗುಡಾಣವನ್ನೇ ಕೆರೆಯುತ್ತಿದ್ದೆನೇ ಎಂದು ಕೇಳಿದರು. ಮನೆಗೆ ಬಂದವರೇ ಹಳೆಯ ಹಾಜರಿ ಪುಸ್ತಕದಂತೆ ಗೆರೆ ಎಳೆದು ಒಂದು ನೋಟುಪುಸ್ತಕ ಮಾಡಿಕೊಂಡರು. ದಿನಾಂಕ, ಮಾತ್ರೆ, ಪುಡಿ, ಶೌಚ ಆಯಿತೇ ಇಲ್ಲವೇ, ಮೆತ್ತಗೋ ಗಟ್ಟಿಯೋ ಎಲ್ಲವನ್ನೂ ತಾವೇ ಬರೆಯುತ್ತಾರೆ. ಪಾದ ಇಡಲು ಅಮ್ಮನ ಹಳೆಯ ಊಟದ ಮಣೆಗೆ ಬಡಗಿಯಿಂದ ಕಾಲು ಹಚ್ಚಿಸಿದ್ದೇವೆ. ರಾತ್ರಿಯ ಅನ್ನದ ಬದಲು ಜೋಳದ ರೊಟ್ಟಿ, ಪಲ್ಯ ಆಗಿದೆ. ಮೊದಲ ವಾರ ಎರಡು ಮಾತ್ರೆ, ಎರಡನೆಯ ವಾರ ಒಂದು, ಈಗ ದಿನ ಬಿಟ್ಟು ದಿನ ಒಂದು. ಮಧ್ಯರಾತ್ರಿ ಏಳುವುದು ನಿಂತಿದೆ, ಮೀನಖಂಡ ಹಿಡಿಯುವುದೂ ಬಹಳ ಕಡಿಮೆಯಾಗಿದೆ. ಮೊನ್ನೆ ಮಾತ್ರೆ ಇಲ್ಲದ ದಿನವೇ ತಿಂಡಿಯ ನಂತರ ತಾನಾಗಿ ಆಯಿತು.

ಎರಡು ಪ್ರಶ್ನೆಗಳು ಉಳಿದಿವೆ. ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ತೀರಿದಾಗ ಇಲ್ಲಿನ ಅಂಗಡಿಯಲ್ಲಿ ಅದೇ ಹೆಸರಿನ ಬಹಳ ದೊಡ್ಡ ಪೊಟ್ಟಣ ಕೊಟ್ಟರು, ಅದನ್ನು ಅಳೆದು ಬಳಸಬಹುದೇ? ಮುಂದಿನ ವಾರ ಬೆಂಗಳೂರಿನಲ್ಲಿ ನಾಲ್ಕು ದಿನದ ಮದುವೆ ಇದೆ; ಅಪ್ಪನಿಗೆ ಹೊರಗಡೆ ಹೋದರೆ ಶೌಚವಾಗುವುದಿಲ್ಲವೆಂಬ ಭಯ, ಅಲ್ಲಿಗೆ ಮಾತ್ರ ಎರಡು ಮಾತ್ರೆ ತೆಗೆದುಕೊಳ್ಳುತ್ತೇನೆ ಎನ್ನುತ್ತಿದ್ದಾರೆ.

ಔಷಧ ಅಂಗಡಿಯಲ್ಲಿ 22 ವರ್ಷ ಬರೆದದ್ದು:

ಆ ದೊಡ್ಡ ಪೊಟ್ಟಣವನ್ನು ಒಡೆಯದೆ ಹಿಂದಿರುಗಿಸಿ. ಅದು ಕೊಲೊನೋಸ್ಕೋಪಿಗೆ ಮುನ್ನ ಕರುಳನ್ನು ಪೂರ್ತಿ ತೊಳೆಯಲು ಎರಡು ಲೀಟರ್ ನೀರಿನಲ್ಲಿ ಕರಗಿಸಿ ಕುಡಿಯುವಂಥದ್ದು. ಅದರಲ್ಲಿ ಲವಣಗಳೂ ಸೇರಿರುತ್ತವೆ, ನಿಮ್ಮ ತಂದೆಯವರಿಗೆ ಸಲ್ಲದು. ವೈದ್ಯರ ಚೀಟಿ ತೋರಿಸಿ 17 ಗ್ರಾಂನ ಸಣ್ಣ ಪೊಟ್ಟಣವನ್ನೇ ಕೇಳಿ. ಸಿಗದಿದ್ದರೆ ತರಿಸಿಕೊಡುತ್ತಾರೆ, ಒಂದೆರಡು ದಿನ ಮೊದಲೇ ಹೇಳಿಡಿ.

ತಾಲ್ಲೂಕು ಆಸ್ಪತ್ರೆಯ ವೈದ್ಯೆ ಬರೆದದ್ದು:

ಕ್ರಿಯಾಟಿನಿನ್ 1.4 ಇರುವುದರಿಂದ ಮೆಗ್ನೀಷಿಯದ ಹಾಲು, ಫಾಸ್ಫೇಟ್ ಎನಿಮಾ ಎರಡನ್ನೂ ಮುಂದೆಯೂ ದೂರವಿಡಿ. ಪೊಟ್ಯಾಸಿಯಂ ಸಿರಪನ್ನು ನೀವಾಗಿ ಮುಂದುವರಿಸುವುದೂ ಬೇಡ, ನಿಲ್ಲಿಸುವುದೂ ಬೇಡ. ಮದುವೆಗೆ ಹೊರಡುವ ಮುನ್ನ ಒಮ್ಮೆ ರಕ್ತ ಪರೀಕ್ಷಿಸಿ ತಜ್ಞರಿಗೆ ತೋರಿಸಿ, ಏಕೆಂದರೆ ಮೂತ್ರಪಿಂಡ ಸ್ವಲ್ಪ ದುರ್ಬಲವಾಗಿರುವವರಲ್ಲಿ ಪೊಟ್ಯಾಸಿಯಂ ಹೆಚ್ಚಾದರೂ ಅಪಾಯವೇ.

ಬೆಂಗಳೂರಿಗೆ ಪುಡಿಯ ನಾಲ್ಕು ಪೊಟ್ಟಣಗಳು ಜೊತೆಗಿರಲಿ, ದಿನವೂ ತಪ್ಪದೆ ಕೊಡಿ. ಛತ್ರದಲ್ಲಿ ಎಲ್ಲರಿಗಿಂತ ಮೊದಲು ತಿಂಡಿ ಕೊಡಿಸಿ ಶೌಚಕ್ಕೆ ಹೊತ್ತು ಮಾಡಿಕೊಡಿ, ಸಾಧ್ಯವಾದರೆ ಮಣೆಯನ್ನೂ ಕಾರಿನಲ್ಲಿ ಹಾಕಿಕೊಳ್ಳಿ. ಎರಡು ಮಾತ್ರೆ ಬೇಡ. ಮೂರು ದಿನ ಪೂರ್ತಿ ಆಗದಿದ್ದರೆ ಒಂದು ಬಿಸಾಕೊಡಿಲ್, ರಾತ್ರಿ, ನೀರಿನ ಜೊತೆ. ಒಂದು ಮಾತ್ರೆ ಜೇಬಿನಲ್ಲಿದೆ ಎಂಬ ಧೈರ್ಯ ಅವರಿಗೆ ಇರಲಿ. ನೋಟುಪುಸ್ತಕವನ್ನು ಮರೆಯದೆ ತೆಗೆದುಕೊಂಡು ಹೋಗಲು ಹೇಳಿ, ಮುಂದಿನ ಭೇಟಿಯಲ್ಲಿ ಅವರ ವೈದ್ಯರಿಗೆ ಅದಕ್ಕಿಂತ ಉಪಯುಕ್ತವಾದ ಕಾಗದ ಬೇರೊಂದಿರುವುದಿಲ್ಲ.